ಕಾರಿನ ಹೊಳಪು ಮತ್ತು ಸವಕಳಿಯ ಲೆಕ್ಕ

ಹೊಸ ಕಾರು ಕೊಂಡು ವರ್ಷ ತುಂಬುವುದರೊಳಗೆ ಅದರ ಬಾನೆಟ್ಟಿನ ಮೇಲೆ, ಬಿಸಿಲು ಬಿದ್ದಾಗ, ಜೇಡರ ಬಲೆಯಂತಹ ಸಣ್ಣ ಗೀರುಗಳು ಕಾಣಿಸಿಕೊಳ್ಳುವುದು ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಭಾಗದ ಬಹುತೇಕ ವರ್ತಕ ಬಾಂಧವರ ಅನುಭವಕ್ಕೆ ಬಂದ ಸಂಗತಿ. ಪಾಲಿಶ್ ವೃತ್ತಿಯವರು ಇವನ್ನು ಸ್ವರ್ಲ್ ಮಾರ್ಕ್ ಎನ್ನುತ್ತಾರೆ. ನಾವು ಸುರುಳಿ ಗೀರು ಎನ್ನಬಹುದು. ಯಂತ್ರದ ಪಾಲಿಶ್‌ನಿಂದ ಇವನ್ನು ತೆಗೆಯುವ ಕೆಲಸ ಮೊದಲು ಕೊಲ್ಹಾಪುರ, ಸಾಂಗಲಿ, ಬೆಳಗಾವಿಯಂತಹ ದೊಡ್ಡ ಊರುಗಳದ್ದೆನಿಸಿತ್ತು. ಈಗ ಅದು ನಮ್ಮ ತಾಲೂಕು ಸ್ಥಳಗಳ ವಾಶಿಂಗ್ ಸೆಂಟರುಗಳಿಗೂ ಬರತೊಡಗಿದೆ. ಇದು ಸಂತೋಷದ ವಿಷಯವೇ ಸರಿ. ಆದರೆ ಲೆಕ್ಕಪರಿಶೋಧನೆಗೆಂದು ಬರುವ ವೋಚರುಗಳಲ್ಲಿ ‘ಕಾರ್ ಪಾಲಿಶ್’ ಎಂಬ ಒಂದೇ ಸಾಲಿನ ಬಿಲ್ಲು ಕಂಡಾಗಲೆಲ್ಲ ಒಂದು ಕೊರತೆ ಎದ್ದು ಕಾಣುತ್ತದೆ. ಕೊಟ್ಟ ಹಣವೆಷ್ಟು ಎಂಬುದು ಅದರಲ್ಲಿರುತ್ತದೆ. ಮಾಡಿದ ಕೆಲಸವೇನು ಎಂಬುದು ಇರುವುದಿಲ್ಲ.

ಈ ಕೊರತೆ ಕ್ಷುಲ್ಲಕವಲ್ಲ. ಪಾಲಿಶ್ ಮಾಡಿದಾಗ ಕಾರಿನ ಮೈಯಿಂದ ಒಂದು ವಸ್ತು ಶಾಶ್ವತವಾಗಿ ಖರ್ಚಾಗುತ್ತದೆ; ಅದನ್ನು ಮತ್ತೆ ತುಂಬಿಕೊಡಲು ಯಾವ ಅಂಗಡಿಯಿಂದಲೂ ಸಾಧ್ಯವಿಲ್ಲ. ಆದಕಾರಣ ಪಾಲಿಶ್ ಅನ್ನು ವಿರಳವಾಗಿ, ಅಳತೆ ನೋಡಿ, ಲಿಖಿತ ವಿವರ ಪಡೆದು ಮಾಡಿಸಬೇಕು ಎಂಬುದು ಈ ಲೇಖನದ ಆಶಯ.

ಗೀರು ಇರುವುದೆಲ್ಲಿ?

ಅಂಬಾಸಿಡರ್ ಕಾಲದ ಕಾರುಗಳಿಗೆ ಪ್ರೈಮರ್‌ನ ಮೇಲೆ ಒಂದೇ ಬಗೆಯ ಬಣ್ಣ ಬಳಿದಿರುತ್ತಿದ್ದರು. ಪಾಲಿಶ್ ಮಾಡಿದರೆ ಬಟ್ಟೆಗೆ ಬಣ್ಣವೇ ಹತ್ತುತ್ತಿತ್ತು. ಇಂದಿನ ಬಹುತೇಕ ಕಾರುಗಳ ರಚನೆ ಬೇರೆ. ಉಕ್ಕಿನ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ನಂತರ ಬಣ್ಣದ ತೆಳು ಪದರ, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ. ಕಾರಿಗೆ ಹೊಳಪು ಬರುವುದು ಈ ಪಾರದರ್ಶಕ ಪದರದಿಂದ. ಸೂರ್ಯನ ಅತಿನೇರಳೆ ಕಿರಣಗಳಿಂದ ಕೆಳಗಿನ ಬಣ್ಣವನ್ನು ಕಾಯುವುದೂ ಇದೇ.

ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕಾರ್ಖಾನೆಯಿಂದ ಬಂದ ಕಾರಿನ ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ ಇರುತ್ತವೆ. ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು ಸುಮಾರು 35ರಿಂದ 50 ಮೈಕ್ರಾನ್ ಮಾತ್ರ. ಕೂದಲೆಳೆಗಿಂತ ತೆಳುವಾದ ಈ ಪದರದ ಮೇಲ್ಭಾಗದಲ್ಲಿಯೇ ಸುರುಳಿ ಗೀರುಗಳು ಇರುತ್ತವೆ.

ಇವು ವೃತ್ತಾಕಾರವಾಗಿ ಕಾಣುವುದಕ್ಕೂ ಕಾರಣವಿದೆ. ಗೀರುಗಳು ಎಲ್ಲ ದಿಕ್ಕಿಗೂ ಹರಡಿರುತ್ತವೆ. ಬೆಳಕಿಗೆ ಅಡ್ಡವಾಗಿರುವ ಗೀರುಗಳು ಮಾತ್ರ ನಮ್ಮ ಕಣ್ಣಿಗೆ ಬೆಳಕನ್ನು ಮರಳಿಸುವುದರಿಂದ ದೀಪದ ಸುತ್ತ ವರ್ತುಲಗಳು ಬರೆದಂತೆ ತೋರುತ್ತದೆ. ಕತ್ತಲಲ್ಲಿ ಮೊಬೈಲಿನ ಟಾರ್ಚ್ ಹಿಡಿದು ಸರಿಸಿದರೆ ವರ್ತುಲವೂ ಅದರ ಜೊತೆ ಸರಿಯುವುದನ್ನು ಯಾರಾದರೂ ಪರೀಕ್ಷಿಸಬಹುದು. ಕಪ್ಪು ಕಾರಿನಲ್ಲಿ ಇವು ಎದ್ದು ಕಾಣುತ್ತವೆ, ಬಿಳಿ ಕಾರಿನಲ್ಲಿ ಮರೆಯಾಗುತ್ತವೆ; ಗೀರುಗಳು ಮಾತ್ರ ಎರಡರಲ್ಲೂ ಇರುತ್ತವೆ.

ಪಾಲಿಶ್ ಎಂದರೆ ತೇಯುವುದು

ಪಾಲಿಶ್ ಮಾಡಿದರೆ ಗೀರು ತುಂಬಿ ಬರುತ್ತದೆಂಬ ಭಾವನೆ ನಮ್ಮಲ್ಲಿ ವ್ಯಾಪಕವಾಗಿದೆ. ವಾಸ್ತವದಲ್ಲಿ ಗೀರಿನ ಎರಡೂ ಬದಿಯ ಮೇಲ್ಮೈಯನ್ನು ಗೀರಿನ ತಳದ ಮಟ್ಟಕ್ಕೆ ತೇಯ್ದು ಸಮ ಮಾಡಲಾಗುತ್ತದೆ. ತಗ್ಗಿಗೆ ಮಣ್ಣು ತುಂಬುವ ಬದಲು ಇಡೀ ಹೊಲವನ್ನೇ ತಗ್ಗಿನ ಮಟ್ಟಕ್ಕೆ ಇಳಿಸಿದಂತೆ ಇದು. ನಿಪ್ಪಾಣಿಗೆ ಸಮೀಪದ ಹುಪರಿಯ ಬೆಳ್ಳಿ ಕೆಲಸವನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿ ಪಾಲಿಶ್‌ನಲ್ಲಿ ಹೋದ ತೂಕವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಕಾರಿನ ವಿಷಯದಲ್ಲಿ ಹಾಗೆ ಹೋದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಒಂದು ಉದಾಹರಣೆ ನೋಡೋಣ. ಒಂದು ಕಾರಿನ ಕ್ಲಿಯರ್ ಕೋಟ್ 40 ಮೈಕ್ರಾನ್ ಇದೆಯೆಂದು ಭಾವಿಸಿ. ಹಗುರವಾದ ಪಾಲಿಶ್ ಒಂದು ಸಲಕ್ಕೆ ಸುಮಾರು 1 ಮೈಕ್ರಾನ್ ತೇಯುತ್ತದೆ. ಒರಟಾದ ಕಂಪೌಂಡ್ ಹಾಕಿ, ನಂತರ ನಯಗೊಳಿಸುವ ಎರಡು ಹಂತದ ಕೆಲಸ ಸುಮಾರು 3ರಿಂದ 5 ಮೈಕ್ರಾನ್ ತೇಯಬಹುದು. ಕಾರಿನ ಜೀವಮಾನದಲ್ಲಿ ಒಟ್ಟು 8 ಮೈಕ್ರಾನ್‌ನಷ್ಟಕ್ಕಿಂತ ಹೆಚ್ಚು ತೇಯಬಾರದೆಂಬುದು ವೃತ್ತಿಯಲ್ಲಿ ಸಾಮಾನ್ಯವಾಗಿ ಹೇಳುವ ಮಿತಿ. 4 ಮೈಕ್ರಾನ್‌ನಂತೆ ಎರಡು ಸಲ ಕಂಪೌಂಡ್ ಹಾಕಿಸಿದರೆ ಆ ಮಿತಿ ಮುಗಿಯಿತು. ಪ್ರತಿ ವರ್ಷ ಹಬ್ಬಕ್ಕೊಮ್ಮೆ ‘ರಬ್ಬಿಂಗ್ ಪಾಲಿಶ್’ ಮಾಡಿಸುವ ರೂಢಿಯವರು ಮೂರನೆಯ ವರ್ಷಕ್ಕೆ ಎಲ್ಲಿಗೆ ತಲುಪುತ್ತಾರೆಂಬುದನ್ನು ಓದುಗರೇ ಊಹಿಸಬಹುದು.

ಕ್ಲಿಯರ್ ಕೋಟ್ ಅತಿಯಾಗಿ ತೆಳುವಾದರೆ ಬಿಸಿಲಿನ ಹೊಡೆತಕ್ಕೆ ಅದು ಮಂಕಾಗಿ, ಕ್ರಮೇಣ ಬಿಳಿಯ ಹಕ್ಕಳೆಯಂತೆ ಏಳತೊಡಗುತ್ತದೆ. ಆ ಹಂತಕ್ಕೆ ಪಾಲಿಶ್ ಪರಿಹಾರವಲ್ಲ. ಆ ಭಾಗಕ್ಕೆ ಮತ್ತೆ ಪೇಂಟ್ ಮಾಡಿಸಬೇಕು. ಹಳೆಯ ಕಾರು ಕೊಳ್ಳುವವರಲ್ಲಿ ಪೇಂಟಿನ ದಪ್ಪ ಅಳೆಯುವ ಮೀಟರ್ ತರುವವರು ಈಗ ಇದ್ದಾರೆ. ಇತರ ಬಾಗಿಲುಗಳು 120 ತೋರಿಸಿ ಒಂದು ಬಾಗಿಲು ಮಾತ್ರ 250 ತೋರಿಸಿದರೆ, ಅಪಘಾತದಲ್ಲಿ ಪೆಟ್ಟಾದ ಕಾರೆಂಬ ಅನುಮಾನ ಮೂಡುವುದು ಸಹಜ. ಹೊಳಪಿಗಾಗಿ ಮಾಡಿದ ಖರ್ಚೇ ಕಡೆಗೆ ಬೆಲೆ ಇಳಿಯಲು ಕಾರಣವಾಗುತ್ತದೆ.

ನಮ್ಮ ಧೂಳು, ನಮ್ಮ ಬಟ್ಟೆ

ಹಾಗಾದರೆ ಈ ಗೀರುಗಳನ್ನು ಮಾಡುವವರು ಯಾರು? ಬಹುಪಾಲು ನಾವೇ, ನಮ್ಮ ಚಾಲಕರೇ. ನಮ್ಮ ಭಾಗದಲ್ಲಿ ಕಬ್ಬು ನುರಿಸುವ ಹಂಗಾಮು ಆರಂಭವಾದರೆ ಟ್ರ್ಯಾಕ್ಟರ್ ಟ್ರೇಲರುಗಳ ಸಾಲು ರಸ್ತೆ ಬದಿಯ ಮಣ್ಣನ್ನೆಲ್ಲ ಮೇಲೆಬ್ಬಿಸುತ್ತದೆ. 1939ರಲ್ಲಿ ಆರಂಭವಾದ ಉಗಾರದ ಸಕ್ಕರೆ ಕಂಪನಿಯಿಂದ ಮೊದಲ್ಗೊಂಡು ಈ ಐದೂ ತಾಲೂಕುಗಳ ಬದುಕು ಸಕ್ಕರೆ ಕಾರ್ಖಾನೆಗಳೊಂದಿಗೆ ಬೆರೆತಿದೆ. ಕಬ್ಬು, ಅದರ ಸಾಗಾಟ, ಕಬ್ಬಿನ ಸಿಪ್ಪೆ ಉರಿದ ಕರಿ ಬೂದಿ, ಎಲ್ಲವೂ ನಮ್ಮ ಆದಾಯದ ಜೊತೆಗೆ ಬಂದವೇ. ಅವುಗಳ ಬಗ್ಗೆ ದೂರು ಹೇಳಿ ಫಲವಿಲ್ಲ.

ಕಾರಿನ ಮೇಲೆ ಕುಳಿತ ಧೂಳು ತಾನಾಗಿ ಗೀರು ಮಾಡುವುದಿಲ್ಲ. ಬೆಳಿಗ್ಗೆ ಅಂಗಡಿಗೆ ಹೊರಡುವ ಮುನ್ನ ಒಣ ಬಟ್ಟೆಯಿಂದ ಕಾರು ಒರೆಸುವ ನಮ್ಮ ರೂಢಿ ಅದನ್ನು ಮಾಡುತ್ತದೆ. ಧೂಳಿನಲ್ಲಿರುವ ಮರಳಿನ ಸೂಕ್ಷ್ಮ ಕಣಗಳು ಕ್ಲಿಯರ್ ಕೋಟ್‌ಗಿಂತ ಬಹಳ ಗಟ್ಟಿ. ಬಟ್ಟೆಯಡಿ ಸಿಕ್ಕ ಆ ಕಣಗಳು ಮರಳು ಕಾಗದದಂತೆ ಕೆಲಸ ಮಾಡುತ್ತವೆ. ನೆಲಕ್ಕೆ ಬಿದ್ದ ಬಟ್ಟೆಯನ್ನೇ ಝಾಡಿಸಿ ಮತ್ತೆ ಬಳಸುವುದು, ಚಕ್ರ ಒರೆಸಿದ ಬಟ್ಟೆಯಿಂದಲೇ ಬಾನೆಟ್ ಒರೆಸುವುದು, ಒಂದೇ ಬಕೆಟ್ಟಿನ ಕೆಸರು ನೀರಿನಲ್ಲಿ ಇಡೀ ಕಾರು ತೊಳೆಯುವುದು ಇವೆಲ್ಲ ಅದೇ ಜಾತಿಯ ತಪ್ಪುಗಳು. ಗಡಸು ನೀರಿನ ಕೊಳವೆ ಬಾವಿಗಳಿರುವ ಕಡೆ ಇನ್ನೊಂದು ತೊಡಕುಂಟು. ತೊಳೆದ ಕಾರು ಬಿಸಿಲಲ್ಲಿ ಒಣಗಿದರೆ ಸುಣ್ಣದ ಬಿಳಿ ಕಲೆಗಳು ಉಳಿಯುತ್ತವೆ. ಅವನ್ನು ತಿಕ್ಕಿ ತೆಗೆಯಹೋಗಿ ಮತ್ತಷ್ಟು ಗೀರು ಬೀಳುತ್ತವೆ.

ಖಂಡೇ ನವಮಿಯ ಹೊತ್ತಿಗೆ ವಾಶಿಂಗ್ ಸೆಂಟರುಗಳ ಮುಂದೆ ವಾಹನಗಳ ಸಾಲು ನಿಂತಾಗ ಈ ಅವಸರ ಇಮ್ಮಡಿಯಾಗುತ್ತದೆ. ಆ ದಿನ ತೊಳೆದು ಪೂಜೆ ಮಾಡುವುದು ಸರಿ. ಸಾಲಿನಲ್ಲಿ ನಿಂತು ತರಾತುರಿಯಲ್ಲಿ ಪಾಲಿಶ್ ಮಾಡಿಸುವುದು ಸರಿಯಲ್ಲ.

ಪರಿಹಾರ ಸುಲಭ. ಮೊದಲು ನೀರಿನ ಒತ್ತಡದಿಂದ ಧೂಳು ಇಳಿಸಬೇಕು. ಕಾರಿಗೆಂದೇ ಇರುವ ಶಾಂಪೂ, ಎರಡು ಬಕೆಟ್, ಸ್ವಚ್ಛವಾದ ಮೈಕ್ರೋಫೈಬರ್ ಬಟ್ಟೆ ಬಳಸಬೇಕು. ಒಂದು ಬಕೆಟ್ಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಾಡಿಸುವ ನೀರು. ನೆರಳಿನಲ್ಲಿ ತೊಳೆದು, ಒಣಗುವ ಮೊದಲೇ ಒತ್ತಿ ನೀರು ತೆಗೆಯಬೇಕು. ತೊಳೆಯಲು ಬಿಡುವಿಲ್ಲದ ದಿನ ಕಾರು ಧೂಳಿನಲ್ಲೇ ಇರಲಿ. ಈ ಶಿಸ್ತನ್ನು ಚಾಲಕರಿಗೆ ಕಲಿಸದೆ ಪಾಲಿಶ್ ಮಾಡಿಸಿದರೆ, ತೂತು ಬಿದ್ದ ಕೊಡಕ್ಕೆ ನೀರು ಹೊಯ್ದಂತೆ.

ಮುಚ್ಚುವುದು ಬೇರೆ, ತೆಗೆಯುವುದು ಬೇರೆ

ಮಾರುಕಟ್ಟೆಯಲ್ಲಿ ಒಂದೇ ‘ಪಾಲಿಶ್’ ಎಂಬ ಹೆಸರಿನಲ್ಲಿ ಎರಡು ಭಿನ್ನ ಕೆಲಸಗಳು ಮಾರಾಟವಾಗುತ್ತವೆ. ಒಂದು, ಮೇಣ ಅಥವಾ ಎಣ್ಣೆಯಂಶದ ಗ್ಲೇಜ್ ಹಚ್ಚಿ ಗೀರುಗಳನ್ನು ತಾತ್ಕಾಲಿಕವಾಗಿ ಮರೆಮಾಡುವುದು. ಕಾರು ಅಂದು ಕನ್ನಡಿಯಂತೆ ಹೊಳೆಯುತ್ತದೆ. ಕೆಲವು ಸಲ ತೊಳೆದ ಮೇಲೆ ಗೀರುಗಳು ಮತ್ತೆ ಹಾಜರಾಗುತ್ತವೆ. ಇನ್ನೊಂದು, ಯಂತ್ರದಿಂದ ತೇಯ್ದು ಗೀರನ್ನು ನಿಜವಾಗಿ ತೆಗೆಯುವುದು. ಮೊದಲನೆಯದು ಕೀಳು ಕೆಲಸವಲ್ಲ. ಮದುವೆಯ ಕಾರಿಗೆ, ಒಂದು ಸಮಾರಂಭಕ್ಕೆ ಅದು ಸಾಕು, ಕ್ಲಿಯರ್ ಕೋಟ್ ಕೂಡ ಉಳಿಯುತ್ತದೆ. ಎರಡನೆಯದರ ದರ ಪಡೆದು ಮೊದಲನೆಯದನ್ನು ಮಾಡಿಕೊಡುವುದು ಮಾತ್ರ ವ್ಯಾಪಾರ ಧರ್ಮವಲ್ಲ.

ನಿಜವಾದ ಕೆಲಸಕ್ಕೆ ಒಂದು ಕ್ರಮವಿದೆ. ಚೆನ್ನಾಗಿ ತೊಳೆದು, ಅಂಟಿಕೊಂಡ ಲೋಹದ ಕಣ, ಡಾಂಬರಿನ ಚುಕ್ಕೆಗಳನ್ನು ಕ್ಲೇ ಬಾರ್ ಮೊದಲಾದವುಗಳಿಂದ ತೆಗೆಯಬೇಕು. ನಂತರ ಪ್ರತಿ ಭಾಗದ ದಪ್ಪ ಅಳೆಯಬೇಕು. ಒಂದು ಅಡಿಯಷ್ಟು ಜಾಗದಲ್ಲಿ ಎಲ್ಲಕ್ಕಿಂತ ಮೃದುವಾದ ಪ್ಯಾಡ್, ನಯವಾದ ಪಾಲಿಶ್‌ನಿಂದ ಪ್ರಯೋಗ ಮಾಡಿ, ಅದು ಸಾಲದಿದ್ದರೆ ಮಾತ್ರ ಒರಟಾದುದಕ್ಕೆ ಹೋಗಬೇಕು. ಒಂದೇ ಅಕ್ಷದಲ್ಲಿ ತಿರುಗುವ ರೋಟರಿ ಯಂತ್ರ ವೇಗವಾಗಿ ತೇಯುತ್ತದೆ. ಅನುಭವವಿಲ್ಲದವರ ಕೈಯಲ್ಲಿ ಬಿಸಿ ಹೆಚ್ಚಿ, ಅಂಚುಗಳಲ್ಲಿ ಪೇಂಟ್ ಸುಡುವುದೂ ಉಂಟು. ತಿರುಗುತ್ತಲೇ ಓಲಾಡುವ ಡ್ಯುಯಲ್ ಆ್ಯಕ್ಷನ್ ಯಂತ್ರ ನಿಧಾನ, ಆದರೆ ಹೆಚ್ಚು ಸುರಕ್ಷಿತ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ದ್ರಾವಣದಿಂದ ಒರೆಸಿ ಎಣ್ಣೆಯಂಶ ತೆಗೆದು, ಪ್ರಖರ ಬೆಳಕಿನಲ್ಲಿ ತೋರಿಸಬೇಕು. ಗೀರು ಹೋಗಿದೆಯೋ, ಮುಚ್ಚಿದೆಯೋ ಎಂಬುದು ಆಗ ತಿಳಿಯುತ್ತದೆ. ಮೇಣ ಅಥವಾ ಸೆರಾಮಿಕ್ ಕೋಟಿಂಗ್ ಇವೆಲ್ಲದರ ನಂತರದ ಮಾತು. ಸೆರಾಮಿಕ್ ಕೋಟಿಂಗ್ ಗೀರು ತೆಗೆಯುವುದಿಲ್ಲ. ಗೀರಿನ ಮೇಲೆ ಹಚ್ಚಿದರೆ ಗೀರು ಅದರಡಿ ಹಾಗೆಯೇ ಉಳಿಯುತ್ತದೆ. ಉಗುರಿಗೆ ತಾಗುವಷ್ಟು ಆಳದ ಗೀರನ್ನು ಪೂರ್ಣ ತೆಗೆಯುತ್ತೇನೆಂದು ಭರವಸೆ ಕೊಡುವವರನ್ನು ನಂಬದಿರುವುದು ಲೇಸು.

ಲೆಕ್ಕಪತ್ರದ ದೃಷ್ಟಿಯಿಂದ

ಲೆಕ್ಕಶಾಸ್ತ್ರದಲ್ಲಿ ನಾವು ಬಳಸುವ ಸವಕಳಿ ಎಂಬ ಪದಕ್ಕೆ ಸವೆಯುವುದೆಂದೇ ಅರ್ಥ. ಆದಾಯ ತೆರಿಗೆಯಲ್ಲಿ ವ್ಯವಹಾರದ ಕಾರಿಗೆ ಸಾಮಾನ್ಯವಾಗಿ ಇಳಿಕೆ ಮೌಲ್ಯದ ಮೇಲೆ ಶೇ. 15ರ ಸವಕಳಿ ದೊರೆಯುತ್ತದೆ. ಪ್ರತಿ ವರ್ಷ ಪೂರ್ಣ ದರ ಹಿಡಿದರೆ 10 ಲಕ್ಷ ರೂಪಾಯಿಯ ಕಾರು ಐದು ವರ್ಷಗಳ ನಂತರ ಪುಸ್ತಕದಲ್ಲಿ ಸುಮಾರು 4.44 ಲಕ್ಷಕ್ಕೆ ನಿಲ್ಲುತ್ತದೆ. ಕೊಳ್ಳುವವನು ಆ ಪುಸ್ತಕವನ್ನು ನೋಡುವುದಿಲ್ಲ. ಕಾರಿನ ಮೈಯನ್ನು ನೋಡುತ್ತಾನೆ. ಪುಸ್ತಕದ ಸವಕಳಿಗೆ ತೆರಿಗೆಯ ವಿನಾಯಿತಿಯುಂಟು, ಕ್ಲಿಯರ್ ಕೋಟ್‌ನ ಸವಕಳಿಗೆ ಅಂಥದ್ದೇನೂ ಇಲ್ಲ.

ವ್ಯವಹಾರಕ್ಕೆ ಬಳಸುವ ಕಾರಿನ ಪಾಲಿಶ್ ಖರ್ಚು ನಿರ್ವಹಣೆಯ ಖರ್ಚು. ಅದನ್ನು ಕಾರಿನ ಮೂಲ ಬೆಲೆಗೆ ಸೇರಿಸಬೇಕಾಗಿಲ್ಲ. ಕಾರನ್ನು ಮನೆಯ ಬಳಕೆಗೂ ಉಪಯೋಗಿಸುತ್ತಿದ್ದರೆ ಆ ಪ್ರಮಾಣದ ಖರ್ಚನ್ನು ಬಿಡಬೇಕು. ಪಾಲಿಶ್ ಸೇವೆಗೆ ಶೇ. 18ರ ಜಿಎಸ್‌ಟಿ ಇದೆ. ಅಂಗಡಿಯ ಹೆಸರಿನಲ್ಲಿ ಬಿಲ್ಲು ಬಂದಿದೆಯೆಂದು ಈ ತೆರಿಗೆಯ ಹೂಡುವಳಿ ಜಮೆ ಪಡೆಯಲು ಕೆಲವರು ಮುಂದಾಗುತ್ತಾರೆ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೆಯ ಕಲಮಿನ ಪ್ರಕಾರ, ಚಾಲಕ ಸೇರಿ 13 ಜನರವರೆಗಿನ ಪ್ರಯಾಣಿಕ ವಾಹನದ ದುರಸ್ತಿ, ನಿರ್ವಹಣೆಯ ಮೇಲಿನ ಜಮೆ ಸಾಮಾನ್ಯ ವರ್ತಕರಿಗೆ ಸಿಗುವುದಿಲ್ಲ. ಪ್ರಯಾಣಿಕರನ್ನು ಸಾಗಿಸುವ ವ್ಯವಹಾರ, ವಾಹನ ಮಾರಾಟ, ಚಾಲನಾ ತರಬೇತಿ ನಡೆಸುವವರ ನಿಯಮ ಬೇರೆ. ಸರಕು ಸಾಗಣೆ ವಾಹನಗಳಿಗೂ ಈ ನಿರ್ಬಂಧವಿಲ್ಲ. ಆದ್ದರಿಂದ ಸಾಮಾನ್ಯ ವರ್ತಕರು ಪಾಲಿಶ್‌ನ ವೆಚ್ಚವನ್ನು ತೆರಿಗೆ ಸೇರಿದ ಪೂರ್ಣ ಮೊತ್ತದಲ್ಲಿಯೇ ಅಳೆಯಬೇಕು.

ಕಾರಿರುವುದು ಓಡಾಡುವುದಕ್ಕೆ, ಇಷ್ಟೆಲ್ಲ ಏಕೆ ಎಂದು ಕೆಲವರು ಕೇಳಬಹುದು. ಆ ಪ್ರಶ್ನೆಯಲ್ಲಿ ತೂಕವಿದೆ. ಸುರುಳಿ ಗೀರಿನಿಂದ ತಗಡಿಗೆ ತುಕ್ಕು ಹಿಡಿಯುವುದಿಲ್ಲ, ಎಂಜಿನ್ ಕೆಡುವುದಿಲ್ಲ. ಇನ್ನೂ ನಾಲ್ಕಾರು ವರ್ಷ ಧೂಳಿನ ಹಾದಿಯಲ್ಲೇ ಓಡಬೇಕಾದ ಕಾರನ್ನು ಹಾಗೆಯೇ ಬಿಡುವುದೇ ಜಾಣತನ. ತೊಳೆಯುವ ಕ್ರಮ ಸರಿಪಡಿಸಿಕೊಂಡ ಮೇಲೆ ಒಮ್ಮೆ, ಅಥವಾ ಮಾರುವ ಮುನ್ನ ಒಮ್ಮೆ ಹಗುರವಾಗಿ ಮಾಡಿಸಿದರೆ ಹೆಚ್ಚಿನವರಿಗೆ ಸಾಕು.

ಬಿಲ್ಲಿನಲ್ಲಿ ಇರಬೇಕಾದ ವಿವರ

ಪಾಲಿಶ್ ಮಾಡಿಸುವ ಸದಸ್ಯರು ಈ ಕೆಳಗಿನ ಐದು ವಿವರಗಳನ್ನು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಬೇಕೆಂದು ಸೂಚಿಸಬಯಸುತ್ತೇನೆ.

1. ಕೆಲಸದ ಸ್ವರೂಪ: ಗೀರು ತೆಗೆಯುವುದೋ, ಮರೆಮಾಡುವುದೋ.
2. ಬಾನೆಟ್, ಛಾವಣಿ, ಬಾಗಿಲುಗಳ ದಪ್ಪದ ಅಳತೆ, ಕೆಲಸದ ಮೊದಲು ಮತ್ತು ನಂತರ.
3. ಬಳಸಿದ ಯಂತ್ರ, ಪ್ಯಾಡ್ ಮತ್ತು ಪಾಲಿಶ್‌ನ ಹೆಸರು.
4. ತೆಗೆಯಲಾಗದೆ ಬಿಟ್ಟ ಆಳವಾದ ಗೀರುಗಳ ಸ್ಥಳ.
5. ಕೊನೆಯಲ್ಲಿ ಹಚ್ಚಿದ ರಕ್ಷಣಾ ಲೇಪ ಮತ್ತು ದಿನಾಂಕ.

ಸಾಮಾನ್ಯ ಮೀಟರ್ ಎಲ್ಲ ಪದರಗಳ ಒಟ್ಟು ದಪ್ಪವನ್ನಷ್ಟೇ ತೋರಿಸುತ್ತದೆ. ಪ್ಲಾಸ್ಟಿಕ್ ಬಂಪರಿನ ಮೇಲೆ ಅದು ಕೆಲಸ ಮಾಡುವುದಿಲ್ಲ. ಒಂದೆರಡು ಮೈಕ್ರಾನ್ ವ್ಯತ್ಯಾಸವೂ ಇರಬಹುದು. ಆದರೂ ಒಂದೇ ಜಾಗದ ಹಿಂದಿನ ಮತ್ತು ಈಗಿನ ಅಳತೆ ಕೈಯಲ್ಲಿದ್ದರೆ, ಮುಂದಿನ ಸಲ ಕೆಲಸ ಮಾಡುವವನಿಗೆ ಎಲ್ಲಿ ನಿಲ್ಲಬೇಕೆಂಬುದು ತಿಳಿಯುತ್ತದೆ. ವಾಹನದ ಕಡತದಲ್ಲಿ ವಿಮಾ ಪತ್ರದ ಜೊತೆ ಈ ಕಾರ್ಡನ್ನೂ ಇಡಬೇಕು.

ನಮ್ಮ ಯುವಕರಿಗೆ ಇರುವ ಅವಕಾಶ

ಈ ಕೆಲಸಕ್ಕೆ ಬಂಡವಾಳಕ್ಕಿಂತ ಕೌಶಲ ಮುಖ್ಯ. ನೆರಳಿನ ಜಾಗ, ಒಳ್ಳೆಯ ಬೆಳಕು, ಶುದ್ಧ ನೀರು, ಒಂದೆರಡು ಯಂತ್ರ, ಒಂದು ಮೀಟರ್ ಇದ್ದರೆ ಆರಂಭಿಸಬಹುದು. ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ನಿಪ್ಪಾಣಿಗೂ, ಮೀರಜ್‌ಗೆ ಸಮೀಪವಿರುವ ಕಾಗವಾಡಕ್ಕೂ ಗಡಿಯಾಚೆಯ ಗಿರಾಕಿಯೂ ಬರಬಲ್ಲ. ಮುದ್ರಾ ಯೋಜನೆಯಲ್ಲಿ 50,000 ರೂಪಾಯಿಯವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ ಸಾಲಗಳಿವೆ. ಸೇವೆ ನೀಡುವವರಿಗೆ ವಾರ್ಷಿಕ ವಹಿವಾಟು 20 ಲಕ್ಷ ಮೀರುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. 50 ಲಕ್ಷದವರೆಗೆ ಶೇ. 6ರ ಸರಳ ತೆರಿಗೆಯ ಆಯ್ಕೆಯೂ ಉಂಟು. ಐಟಿಐ ಮುಗಿಸಿ ಗ್ಯಾರೇಜುಗಳಲ್ಲಿ ದುಡಿಯುತ್ತಿರುವ ಹುಡುಗರಿಗೆ ಇದು ಎಟುಕುವ ಉದ್ಯೋಗ.

ಅಥಣಿಯ ಚರ್ಮ ಕುಶಲಕರ್ಮಿಗಳು ತಯಾರಿಸುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂತು. ಕೈಗೆಲಸದ ಗುಣವನ್ನು ಕಾಗದದ ಮೇಲೆ ಖಚಿತಪಡಿಸಿದಾಗ ಅದಕ್ಕೆ ಬೆಲೆ ಬರುತ್ತದೆಂಬುದಕ್ಕೆ ಇದು ನಮ್ಮ ಮಗ್ಗುಲಲ್ಲೇ ಇರುವ ನಿದರ್ಶನ. ಪಾಲಿಶ್ ವೃತ್ತಿಗೆ ಅಂತಹ ಕಾಗದವೆಂದರೆ ಜಾಬ್ ಕಾರ್ಡ್. ಗ್ಲೇಜ್ ಹಚ್ಚಿ ಗೀರು ತೆಗೆದೆವೆಂದು ಹೇಳುವ ಒಂದು ಅಂಗಡಿ, ಮೀಟರ್ ಹಿಡಿದು ಪ್ರಾಮಾಣಿಕವಾಗಿ ದುಡಿಯುವ ನಾಲ್ಕು ಅಂಗಡಿಗಳ ಹೆಸರನ್ನೂ ಕೆಡಿಸುತ್ತದೆ. ಒಮ್ಮೆ ಮೋಸಹೋದ ಗಿರಾಕಿ ಮುಂದಿನ ಸಲ ಕೊಲ್ಹಾಪುರದ ಹಾದಿ ಹಿಡಿಯುತ್ತಾನೆ. ಊರಿನ ದುಡ್ಡು ಊರಿನಲ್ಲಿ ಉಳಿಯುವುದಿಲ್ಲ.

ಆದ್ದರಿಂದ ನಮ್ಮ ಸಂಸ್ಥೆಯು ಒಂದು ಪುಟದ ಮಾದರಿ ಜಾಬ್ ಕಾರ್ಡನ್ನು ಸಿದ್ಧಪಡಿಸಿ, ಗಡಿ ಭಾಗದ ಗಿರಾಕಿಗಳ ಅನುಕೂಲಕ್ಕಾಗಿ ಕನ್ನಡ ಮತ್ತು ಮರಾಠಿ ಎರಡರಲ್ಲೂ ಮುದ್ರಿಸಿ, ವಾಶಿಂಗ್ ಸೆಂಟರುಗಳಿಗೂ ಸದಸ್ಯರಿಗೂ ಹಂಚಬೇಕೆಂದು ವಿನಂತಿಸುತ್ತೇನೆ. ಪೇಂಟ್ ಮೀಟರನ್ನು ಬಳಸಿ ತೋರಿಸುವ ಅರ್ಧ ದಿನದ ಪ್ರಾತ್ಯಕ್ಷಿಕೆಯನ್ನು ಪ್ರತಿ ತಾಲೂಕು ಸ್ಥಳದಲ್ಲಿ ಏರ್ಪಡಿಸಿದರೆ ಇನ್ನೂ ಒಳಿತು. ಅದಕ್ಕೆ ಮಾಲೀಕರ ಜೊತೆ ಅವರ ಚಾಲಕರನ್ನೂ ಕರೆಯಬೇಕು. ಬರುವ ಖಂಡೇ ನವಮಿಯ ನೂಕುನುಗ್ಗಲಿಗೆ ಮುಂಚೆ ಇದು ನೆರವೇರಿದರೆ ಹೆಚ್ಚು ಪ್ರಯೋಜನಕಾರಿಯಾದೀತು.